ಸೀಟಿಗೆ ಎಣ್ಣೆ ಕುಡಿಸುವ ಮುಂಚೆ ಮಣ್ಣು ತೆಗೆಯಿರಿ

ಪ್ರಶ್ನೆ: ಚಿಕ್ಕಬಳ್ಳಾಪುರದ ಹತ್ತಿರ ನಮ್ಮದು ಗುಲಾಬಿ ತೋಟ. ಎಂಟು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಝಡ್4 ತಗೊಂಡೆ. 2011ರ ಮಾಡೆಲ್, ಟಾಪ್ ಮಡಚಿಕೊಳ್ಳುವ ಗಾಡಿ. ಒಳಗೆ ಬಿಸ್ಕತ್ ಬಣ್ಣದ ಲೆದರ್. ಈಗ ಡ್ರೈವರ್ ಸೀಟು ಕಂದು ತಿರುಗಿದೆ. ಹತ್ತುವ ಕಡೆಯ ಅಂಚು ಮಿರಮಿರ ಹೊಳೆಯುತ್ತದೆ, ಅಲ್ಲೇ ಸಣ್ಣ ಬಿರುಕು ಕಾಣುತ್ತಿದೆ. ಜೀನ್ಸಿನ ನೀಲಿ ಹತ್ತಿದೆ. ಹೊಲಿಗೆ ಸಂದಿಯಲ್ಲೆಲ್ಲ ಕೆಂಪು ಮಣ್ಣು. ವಾಟರ್ ಸರ್ವಿಸ್‌ನವರು ಪಾಲಿಶ್ ಹೊಡೆದು ಕೊಟ್ಟರು. ಎರಡು ದಿನ ಚೆನ್ನಾಗಿತ್ತು, ಆಮೇಲೆ ಮೊದಲಿಗಿಂತ ಗಲೀಜಾಯಿತು. ಕೊಬ್ಬರಿ ಎಣ್ಣೆ ಹಚ್ಚು, ಎಣ್ಣೆ ಕುಡಿಸದಿದ್ದರೆ ಚರ್ಮ ಒಡೆಯುತ್ತೆ ಅಂತ ನಮ್ಮ ತಂದೆ ಹೇಳುತ್ತಾರೆ. ಲೆದರ್ ಮೆದುವಾಗಿರಲಿ ಅಂತ ಹಚ್ಚುವ ಕಂಡಿಷನರ್ ತಿಂಗಳಿಗೊಮ್ಮೆ ಹಚ್ಚಬೇಕಾ? ಇದನ್ನೆಲ್ಲ ಮನೆಯಲ್ಲೇ ಮಾಡಿಕೊಳ್ಳಬಹುದಾ?

ಉತ್ತರ: ಮನೆಯಲ್ಲೇ ಮಾಡಿಕೊಳ್ಳಬಹುದು. ಬಿರುಕಿನ ವಿಷಯ ಮಾತ್ರ ಸ್ವಲ್ಪ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ತಂದೆಯವರ ಮಾತು ತಗೊಳ್ಳೋಣ. ಅವರು ಹೇಳಿದ್ದು ತಪ್ಪಲ್ಲ. ಅವರು ನೋಡಿದ ಚರ್ಮ ಬೇರೆ, ಅಷ್ಟೇ.

ನಮ್ಮ ಕೋಲಾರದ ಕಡೆ ಪಂಪ್‌ಸೆಟ್ ಬರುವ ಮುಂಚೆ ಬಾವಿಯಿಂದ ನೀರೆತ್ತಲು ಕಪಿಲೆ ಇತ್ತು. ಜೋಡೆತ್ತು ಎಳೆಯುವ ಬಾನಿ, ಅದರ ಬುಡಕ್ಕೆ ಆನೆ ಸೊಂಡಿಲಿನಂಥ ಚರ್ಮದ ಕೊಳವೆ. ನಮ್ಮಜ್ಜ ಅದಕ್ಕೆ ಹೊಂಗೆ ಎಣ್ಣೆ ತಿಕ್ಕುತ್ತಿದ್ದರಂತೆ. ಬಿಟ್ಟರೆ ಬೇಸಿಗೆಯಲ್ಲಿ ಹಪ್ಪಳದ ಹಾಗೆ ಒಣಗಿ ಸೀಳುತ್ತಿತ್ತಂತೆ. ಆಗಿನ ಚರ್ಮ ಹದವಾಗುತ್ತಿದ್ದದ್ದು ಗಿಡದ ತೊಗಟೆಯಲ್ಲಿ. ನಿಮ್ಮೂರಿನ ಬೀಳು ಜಮೀನಿನಲ್ಲಿ ಹಳದಿ ಹೂವು ಬಿಡುವ ತಂಗಡಿ ಗಿಡ ನೋಡಿರುತ್ತೀರಲ್ಲ, ಆವರಿಕೆ ಅಂತಲೂ ಕರೆಯುತ್ತಾರೆ, ಅದರ ತೊಗಟೆ ಚರ್ಮ ಹದ ಮಾಡಲು ಹೆಸರುವಾಸಿ. ಅಂಥ ಚರ್ಮದ ಮೇಲೆ ಬಣ್ಣ, ಲೇಪ ಏನೂ ಇರುತ್ತಿರಲಿಲ್ಲ. ಎಣ್ಣೆ ಹಚ್ಚಿದರೆ ಕುಡಿಯುತ್ತಿತ್ತು.

ನಿಮ್ಮ ಕಾರಿನ ಸೀಟು ಹಾಗಲ್ಲ. ಈಗಿನ ಎಷ್ಟೋ ಕಾರುಗಳ ಚರ್ಮವನ್ನು ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡುತ್ತಾರೆ. 1884ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಜ್ ಎಂಬಾತ ಇದಕ್ಕೆ ಪೇಟೆಂಟ್ ತಗೊಂಡ ಮೇಲೆ ಕ್ರೋಮ್ ಹದ ಎಲ್ಲ ಕಡೆ ಹರಡಿತು. ಹದವಾದ ಮೇಲೆ ದೊಡ್ಡ ಪೀಪಾಯಿಯಲ್ಲಿ ಹಾಕಿ ತಿರುಗಿಸುತ್ತಾ ಚರ್ಮದ ನಾರುನಾರಿಗೂ ಎಣ್ಣೆ ಉಣಿಸುತ್ತಾರೆ. ಅಂದರೆ ಕುಡಿಸಬೇಕಾದ ಎಣ್ಣೆಯನ್ನು ಕಾರ್ಖಾನೆಯಲ್ಲೇ ಕುಡಿಸಿ ಮುಗಿಸಿರುತ್ತಾರೆ. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ ಜಾತಿಯ ತೆಳ್ಳನೆಯ ಲೇಪ. ಸುಣ್ಣ ಬಳಿದ ಗೋಡೆಗೆ ನೀರು ಎರಚಿದರೆ ಎಳೆದುಕೊಳ್ಳುತ್ತದೆ, ಆಯಿಲ್ ಪೇಂಟ್ ಹೊಡೆದ ಗೋಡೆಗೆ ಎರಚಿದರೆ ಇಳಿದು ಹೋಗುತ್ತದೆ ಅಲ್ವಾ? ಕಪಿಲೆಯ ಚರ್ಮ ಸುಣ್ಣದ ಗೋಡೆ. ನಿಮ್ಮ ಸೀಟು ಆಯಿಲ್ ಪೇಂಟ್ ಗೋಡೆ. ನೀವು ದಿನಾ ಮುಟ್ಟುವುದು, ಒರೆಸುವುದು, ಹಾಳು ಮಾಡುವುದು ಆ ಲೇಪವನ್ನು. ಒಳಗಿನ ಚರ್ಮ ನಿಮ್ಮ ಕೈಗೆ ಸಿಗುವುದೇ ಇಲ್ಲ. ಇದೊಂದು ತಲೆಯಲ್ಲಿದ್ದರೆ ಮಿಕ್ಕದ್ದೆಲ್ಲ ಸುಲಭ.

ನನ್ನ ಮಾತು ನಂಬಬೇಡಿ, ನೀವೇ ಪರೀಕ್ಷೆ ಮಾಡಿ. ಸೀಟಿನ ಕೆಳಗಡೆ, ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ತೊಟ್ಟು ನೀರು ಬಿಡಿ. ಎರಡು ನಿಮಿಷ ಕಾಯಿರಿ. ಕೆಸುವಿನ ಎಲೆ ಮೇಲಿನ ಹಾಗೆ ಗುಂಡಗೆ ನಿಂತರೆ ಲೇಪವಿದೆ ಅಂತ ಅರ್ಥ. ಹೀರಿಕೊಂಡು ಆ ಜಾಗ ಕಪ್ಪಾದರೆ ಅದು ಲೇಪವಿಲ್ಲದ ಅನಿಲಿನ್ ಜಾತಿಯ ಚರ್ಮ. ಅದು ತುಂಬಾ ದುಬಾರಿ ಕಾರುಗಳಲ್ಲಿ ಮಾತ್ರ ಸಿಗುತ್ತದೆ, ಅದರ ಆರೈಕೆಯೇ ಬೇರೆ. ನಿಮ್ಮ ಗಾಡಿಯಲ್ಲಿ ನೀರು ನಿಲ್ಲುತ್ತದೆ.

ಇನ್ನು ಕೊಬ್ಬರಿ ಎಣ್ಣೆ. ಒಂದು ಡಿಸೆಂಬರ್‌ನಲ್ಲಿ ಬೆಳಗ್ಗೆ ಏಳು ಗಂಟೆಗೆ ಒಬ್ಬರು ನಮ್ಮ ಅಂಗಡಿಗೆ ಕಾರು ತಂದರು. ಸೀಟಿನ ಹೊಲಿಗೆ ಉದ್ದಕ್ಕೂ ಬೆಳ್ಳಗೆ ಗೆರೆ. ಬೂಷ್ಟು ಹಿಡಿದಿದೆ, ಇಡೀ ಸೀಟು ಬಿಚ್ಚಿ ಹೊಸ ಕವರ್ ಹೊಲಿಯಿರಿ ಅಂದರು. ಉಗುರಿನಲ್ಲಿ ಕೆರೆದು ಮೂಗಿನ ಹತ್ತಿರ ಹಿಡಿದೆ. ಅಡುಗೆ ಮನೆ ವಾಸನೆ! ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಬಂದರೆ ಗಟ್ಟಿಯಾಗುತ್ತದೆ. ನಮ್ಮ ಕಡೆಯ ಡಿಸೆಂಬರ್ ಬೆಳಗಿನ ಚಳಿ ನಿಮಗೆ ಗೊತ್ತಲ್ಲ. ಹಚ್ಚಿದ ಎಣ್ಣೆ ಒಳಕ್ಕೆ ಇಳಿದಿರಲಿಲ್ಲ, ಹೊಲಿಗೆಯ ಹಳ್ಳದಲ್ಲಿ ಕೂತಿತ್ತು, ಚಳಿಗೆ ಹೆಪ್ಪುಗಟ್ಟಿತ್ತು. ಸೂಜಿ ತೂತಿನಿಂದ ಸ್ವಲ್ಪ ಸ್ಪಂಜಿಗೂ ಇಳಿದು ಮುಗ್ಗಲು ವಾಸನೆ ಬೇರೆ ಶುರುವಾಗಿತ್ತು. ಸ್ಪಂಜಿಗೆ ಹೋದ ಎಣ್ಣೆಯನ್ನು ಪೂರ್ತಿ ತೆಗೆಯುವ ದಾರಿ ನನಗಂತೂ ಸಿಕ್ಕಿಲ್ಲ. ಹರಳೆಣ್ಣೆ, ಆಲಿವ್ ಎಣ್ಣೆ, ಹಾಲಿನ ಕೆನೆ ಎಲ್ಲಕ್ಕೂ ಇದೇ ಮಾತು. ಮೇಲೆ ನಿಲ್ಲುತ್ತದೆ, ಧೂಳನ್ನು ಅಂಟಿಸಿಕೊಳ್ಳುತ್ತದೆ, ಬಟ್ಟೆಗೆ ಹತ್ತುತ್ತದೆ.

ನಿಮ್ಮ ವಾಟರ್ ಸರ್ವಿಸ್‌ನವರು ಹೊಡೆದ ಪಾಲಿಶ್ ಕೂಡ ಹೆಚ್ಚು ಕಮ್ಮಿ ಇದೇ ಕಥೆ. ಡ್ಯಾಶ್‌ಬೋರ್ಡಿಗೂ ಟೈರಿಗೂ ಹೊಡೆಯುವ ಹೊಳಪಿನ ದ್ರಾವಣವನ್ನೇ ಎಷ್ಟೋ ಕಡೆ ಸೀಟಿಗೂ ಹೊಡೆಯುತ್ತಾರೆ. ಕೊಳೆಯ ಮೇಲೆ ಹೊಳಪು ಬಳಿದರೆ ಎರಡು ದಿನ ಚೆಂದ, ಮೂರನೇ ದಿನ ಅಂಟು. ಒಂದು ಮಾತು ನೆನಪಿಡಿ. ಹೊಸ ಕಾರಿನ ಲೆದರ್ ಹೊಳೆಯುವುದಿಲ್ಲ, ಮಂಕಾಗಿ ಇರುತ್ತದೆ. ನಿಮ್ಮ ಸೀಟಿನ ಅಂಚು ಮಿರಮಿರ ಅನ್ನುತ್ತಿದೆ ಅಂದಿರಲ್ಲ, ಆ ಹೊಳಪೇ ಕೊಳೆ. ಬೆವರು, ಮೈಯ ಜಿಡ್ಡು, ಧೂಳು ಸೇರಿ ಉಜ್ಜಿ ಉಜ್ಜಿ ಕನ್ನಡಿಯಾಗಿದೆ.

ಈಗ ಕೆಲಸಕ್ಕೆ ಬರೋಣ. ಒಂದು ಭಾನುವಾರ ಬೆಳಗ್ಗೆ ಇಟ್ಟುಕೊಳ್ಳಿ. ಗಾಡಿ ನೆರಳಲ್ಲಿರಲಿ, ಸೀಟು ಮುಟ್ಟಿದರೆ ತಣ್ಣಗಿರಬೇಕು.

ಮೊದಲ ಕೆಲಸ ಮಣ್ಣು ತೆಗೆಯುವುದು. ಇದಕ್ಕೇ ಅರ್ಧ ಸಮಯ ಕೊಡಿ, ಜನ ಅವಸರ ಮಾಡುವುದೂ ಇಲ್ಲೇ. ನಿಮ್ಮ ಕಡೆಯ ಧೂಳು ಸಾಮಾನ್ಯದ್ದಲ್ಲ. ಒಂದು ಕಡೆ ಕೆಂಪು ಮಣ್ಣು, ಇನ್ನೊಂದು ಕಡೆ ಕ್ರಷರ್‌ಗಳ ಕಲ್ಲುಪುಡಿ. ಗ್ರಾನೈಟಿನಲ್ಲಿರುವ ಸ್ಫಟಿಕದ ಕಣ ಚಾಕುವಿನ ಉಕ್ಕಿಗಿಂತ ಗಟ್ಟಿ, ಗಡಸುತನದ ಮೋಸ್ ಅಳತೆಯಲ್ಲಿ ಅದಕ್ಕೆ 7. ಅದು ಸೀಟಿನ ಮೇಲಿರುವಾಗ ಒದ್ದೆ ಬಟ್ಟೆ ಹಾಕಿ ಉಜ್ಜಿದರೆ ಏನಾಗುತ್ತದೆ ಯೋಚಿಸಿ. ಸುಮ್ನೆ ಮರಳು ಕಾಗದದಲ್ಲಿ ತಿಕ್ಕಿದ ಹಾಗೆ. ಎಷ್ಟೋ ಸೀಟುಗಳು ಬಳಸಿ ಹಾಳಾದದ್ದಕ್ಕಿಂತ ಜಾಸ್ತಿ ಒರೆಸಿ ಹಾಳಾಗಿವೆ.

ವ್ಯಾಕ್ಯೂಮ್‌ಗೆ ಮೆತ್ತನೆ ಕೂದಲಿನ ಬ್ರಷ್ ಮೂತಿ ಹಾಕಿ. ಪ್ಲಾಸ್ಟಿಕ್ ಮೂತಿ ಸೀಟಿಗೆ ತಾಗದಿರಲಿ. ಒಂದು ಕೈಯಲ್ಲಿ ಹೊಲಿಗೆಯ ಎರಡೂ ಪಕ್ಕ ಹಿಗ್ಗಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಪೇಂಟ್ ಬ್ರಷ್ಷಿನಿಂದ ಸಂದಿಯ ಮಣ್ಣು ಎಬ್ಬಿಸಿ, ಎದ್ದ ಹಾಗೇ ಎಳೆದುಕೊಳ್ಳಿ. ಬ್ರಷ್ಷಿನ ಕೊರಳಲ್ಲಿ ತಗಡಿನ ಪಟ್ಟಿ ಇರುತ್ತದೆ, ಅದಕ್ಕೆ ಒಂದು ಸುತ್ತು ಟೇಪ್ ಸುತ್ತಿಡಿ, ಗೀರು ಬೀಳುವುದಿಲ್ಲ. ಸೀಟನ್ನು ಪೂರ್ತಿ ಹಿಂದೆ ತಳ್ಳಿ ಮುಂಭಾಗ, ಪೂರ್ತಿ ಮುಂದೆ ತಂದು ಹಿಂಭಾಗ. ಕೂರುವ ಭಾಗ, ಒರಗುವ ಭಾಗ ಸೇರುವ ಸಂದಿಯಲ್ಲಿ ಕೈ ಹಾಕಿ ನೋಡಿ. ನನಗೆ ಅಲ್ಲಿ ಕಡ್ಲೆಕಾಯಿ ಸಿಪ್ಪೆ, ಟೋಲ್ ಚೀಟಿ, ಒಮ್ಮೆ ಬೆಳ್ಳಿ ಕಾಲುಂಗುರವೂ ಸಿಕ್ಕಿದೆ. ಕಾಲುಂಗುರ ಕೊಟ್ಟಾಗ ಆ ಕಾರಿನ ಯಜಮಾನರು ಖುಷಿಪಡುವ ಬದಲು ಗಾಬರಿಯಾದರು. ನಾನು ಜಾಸ್ತಿ ಕೇಳಲಿಲ್ಲ.

ಸೀಟಿನ ಅಡಿಯಲ್ಲಿ ಹಳದಿ ಬಣ್ಣದ ವೈರ್ ಕನೆಕ್ಟರ್ ಕಂಡರೆ ಅದನ್ನು ಎಳೆಯಬೇಡಿ, ಒದ್ದೆ ಮಾಡಬೇಡಿ. ಅದು ಏರ್‌ಬ್ಯಾಗ್ ಕಡೆಯದು.

ಎರಡನೆಯದು ನೀರು. ನಮ್ಮ ಜಿಲ್ಲೆಗಳ ಬೋರ್‌ವೆಲ್ ನೀರಿನ ಗಡಸು ನಿಮಗೆ ಹೇಳಬೇಕಾಗಿಲ್ಲ, ಮನೆ ಗೀಸರ್ ನೋಡಿದರೆ ಗೊತ್ತಾಗುತ್ತದೆ. ಆ ನೀರಲ್ಲಿ ಬಟ್ಟೆ ಅದ್ದಿ ಒರೆಸಿದರೆ ಒಣಗಿದ ಮೇಲೆ ಬಿಳಿ ಪುಡಿ ಉಳಿಯುತ್ತದೆ, ಕಪ್ಪು ಸೀಟಾದರೆ ಎದ್ದು ಕಾಣುತ್ತದೆ. ಕಾಯಿನ್ ಹಾಕಿದರೆ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕ ಊರೂರಲ್ಲಿದೆ, ಅಲ್ಲಿಂದ ತನ್ನಿ. ಇಡೀ ಕಾರಿನ ಒಳಭಾಗಕ್ಕೆ ಎರಡು ಲೀಟರ್ ಸಾಕು. ಅದಕ್ಕಿಂತ ಜಾಸ್ತಿ ಖರ್ಚಾದರೆ ನೀವು ಸೀಟು ತೊಳೆಯುತ್ತಿದ್ದೀರಿ ಅಂತ ಅರ್ಥ. ತೊಳೆಯಬಾರದು, ಒರೆಸಬೇಕು.

ಮೂರನೆಯದು ಕ್ಲೀನರ್. ಚರ್ಮ ಸ್ವಭಾವದಲ್ಲಿ ಸ್ವಲ್ಪ ಹುಳಿ. ಹುಳಿ, ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ ಅದರದ್ದು ಸುಮಾರು 4ರಿಂದ 5ರ ಆಸುಪಾಸು. ಸೋಪಿನದ್ದು 9, 10ರ ಮೇಲೆ. ಬಟ್ಟೆ ಪುಡಿ, ಪಾತ್ರೆ ಸೋಪು, ಅಡುಗೆ ಸೋಡಾ ಇವೆಲ್ಲ ಒಂದೇ ಸಲಕ್ಕೆ ಏನೂ ಮಾಡದೆ ಇರಬಹುದು. ಪದೇ ಪದೇ ಹಾಕಿದರೆ ಲೇಪ ಸಡಿಲವಾಗುತ್ತದೆ, ಹೊಲಿಗೆಯ ತೂತಿನಿಂದ ಒಳಗಿಳಿದು ಚರ್ಮವನ್ನು ಬಿರುಸು ಮಾಡುತ್ತದೆ. ಡಬ್ಬಿಯ ಮೇಲೆ ಲೆದರ್ ಕ್ಲೀನರ್ ಅಂತಲೂ, ಪಿಎಚ್ ನ್ಯೂಟ್ರಲ್ ಅಂತಲೂ ಬರೆದಿರುವುದನ್ನು ತಗೊಳ್ಳಿ. ಕಂಪನಿ ಯಾವುದಾದರೂ ಪರವಾಗಿಲ್ಲ. ಕ್ಲೀನರ್, ಕಂಡಿಷನರ್ ಎರಡೂ ಒಂದೇ ಬಾಟಲಿಯಲ್ಲಿ ಅನ್ನುವುದನ್ನು ನಾನು ತಗೊಳ್ಳುವುದಿಲ್ಲ. ಸ್ನಾನದ ನೀರಿಗೇ ಎಣ್ಣೆ ಬೆರೆಸಿಕೊಂಡ ಹಾಗಾಗುತ್ತದೆ.

ಸೀಟಿಗೆ ನೇರ ಸ್ಪ್ರೇ ಮಾಡಬೇಡಿ. ಬ್ರಷ್ಷಿಗೆ ಸ್ಪ್ರೇ ಮಾಡಿ, ಅಂಗೈಯಲ್ಲಿ ಒಂದೆರಡು ಸುತ್ತು ತಿರುಗಿಸಿ ನೊರೆ ಬರಿಸಿ. ಬ್ರಷ್ಷು ಕುದುರೆ ಕೂದಲಿನದ್ದಾದರೆ ಒಳ್ಳೆಯದು, ಇಲ್ಲವಾದರೆ ಮೆತ್ತನೆಯ ಯಾವುದಾದರೂ ಸರಿ. ಒಂದು ಸಲಕ್ಕೆ ಒಂದು ಚಪಾತಿ ಅಗಲದಷ್ಟೇ ಜಾಗ. ಭಾರ ಹಾಕದೆ ಸುತ್ತು ಸುತ್ತಾಗಿ ಆಡಿಸಿ. ಲೆದರ್ ಮೇಲೆ ಸಣ್ಣ ಸಣ್ಣ ಗೆರೆ, ಕುಳಿಗಳಿರುತ್ತವಲ್ಲ, ಕೊಳೆ ಕೂತಿರುವುದು ಅಲ್ಲಿ. ಬರೀ ಬಟ್ಟೆ ದಿಬ್ಬದ ಮೇಲೆ ಓಡಾಡುತ್ತದೆ, ಹಳ್ಳಕ್ಕೆ ಇಳಿಯುವುದಿಲ್ಲ. ಬ್ರಷ್ಷು ಇಳಿಯುತ್ತದೆ. ಅರ್ಧ ನಿಮಿಷದಲ್ಲಿ ಬಿಳಿ ನೊರೆ ಕಾಫಿ ನೊರೆಯ ಬಣ್ಣಕ್ಕೆ ತಿರುಗುತ್ತದೆ. ಅದು ಒಣಗುವ ಮುಂಚೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಎತ್ತಿಕೊಳ್ಳಿ. ಒಣಗಲು ಬಿಟ್ಟರೆ ಕೊಳೆ ವಾಪಸ್ ಅಲ್ಲೇ ಕೂರುತ್ತದೆ. ಕೊನೆಗೆ ಶುದ್ಧ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಇನ್ನೊಂದು ಬಟ್ಟೆಯಲ್ಲಿ ಒಂದು ಕೈ ಒರೆಸಿ ಮುಂದಿನ ಚಪಾತಿಗೆ ಹೋಗಿ.

ಬಟ್ಟೆ ಬಿಳಿಯದೇ ಇರಲಿ. ಕೊಳೆ ಬರುತ್ತಿದೆಯೋ ಸೀಟಿನ ಬಣ್ಣವೇ ಬರುತ್ತಿದೆಯೋ ಗೊತ್ತಾಗಬೇಕು. ಕಂದು, ಬೂದಿ, ಕೆಂಪು ಮಣ್ಣಿನ ಬಣ್ಣ ಬಂದರೆ ಮುಂದುವರಿಸಿ. ಬಿಸ್ಕತ್ ಬಣ್ಣ ಬಂತೋ, ಅಲ್ಲೇ ನಿಲ್ಲಿಸಿ. ಲೇಪ ಹೋಗಿದೆ, ನೀವು ಬಣ್ಣ ಕೀಳುತ್ತಿದ್ದೀರಿ.

ಸೀಟಿನಲ್ಲಿ ಸಣ್ಣ ಸಣ್ಣ ತೂತುಗಳಿರುವ ಭಾಗವಿದ್ದರೆ ಅಲ್ಲಿ ನೊರೆ ಇನ್ನೂ ಕಮ್ಮಿ ಇರಲಿ. ತೂತಿನೊಳಗೆ ಹೋದದ್ದು ಒಳಗೇ ಒಣಗಿ, ಆಮೇಲೆ ಒಂದೊಂದು ತೂತಿನಲ್ಲೂ ಸಾಬೂದಾನಿ ಕಾಳಿನಂತೆ ಇಣುಕುತ್ತದೆ. ಅದನ್ನು ಟೂತ್‌ಪಿಕ್‌ನಲ್ಲಿ ಒಂದೊಂದಾಗಿ ತೆಗೆದಿದ್ದೇನೆ. ಆ ಕೆಲಸ ಶತ್ರುವಿಗೂ ಬೇಡ.

ಸ್ಟಿಯರಿಂಗ್ ಮರೆಯಬೇಡಿ. ಇಡೀ ಗಾಡಿಯಲ್ಲಿ ಅತಿ ಕೊಳಕು ಜಾಗ ಅದು. ನೀವು ತೋಟದಿಂದ ಬಂದು ಹಿಡಿಯುತ್ತೀರಿ, ಬೆವರಿನ ಕೈಯಲ್ಲಿ ಹಿಡಿಯುತ್ತೀರಿ, ಸ್ಯಾನಿಟೈಜರ್ ಹಾಕಿಕೊಂಡು ಒಣಗುವ ಮುಂಚೆಯೇ ಹಿಡಿಯುತ್ತೀರಿ. ಸ್ಯಾನಿಟೈಜರ್‌ನಲ್ಲಿರುವ ಆಲ್ಕೋಹಾಲ್ ಲೇಪವನ್ನು ನೇರ ತಿನ್ನುತ್ತದೆ. ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನ್, ಸೊಳ್ಳೆಗೆ ಹಚ್ಚುವ ಕ್ರೀಮ್ ಕೂಡ ಅಷ್ಟೇ. ಕೈ ಒಣಗಿದ ಮೇಲೆ ಮುಟ್ಟಿ. ಸ್ಟಿಯರಿಂಗನ್ನು ಎರಡು ಸಲ ಕ್ಲೀನ್ ಮಾಡಿ. ಅದಕ್ಕೆ ಹೊಳಪಿನ ದ್ರಾವಣ ಯಾವತ್ತೂ ಹಚ್ಚಬೇಡಿ, ಕ್ಲಚ್, ಬ್ರೇಕ್ ಪೆಡಲ್‌ಗೂ ಬೇಡ. ಕೆಲಸಕ್ಕೆ ಇಳಿದ ಹೊಸತರಲ್ಲಿ ನಾನೇ ಒಬ್ಬರ ಸ್ಟಿಯರಿಂಗಿಗೆ ಪಾಲಿಶ್ ಹಚ್ಚಿ ಕಳಿಸಿದ್ದೆ. ನಂದಿಬೆಟ್ಟದ ತಿರುವಿನಲ್ಲಿ ಚಕ್ರ ಕೈಯಲ್ಲಿ ಜಾರಿತಂತೆ. ದೇವರ ದಯೆ, ಏನೂ ಆಗಲಿಲ್ಲ. ಅವರು ವಾಪಸ್ ಬಂದು ಬೈದ ಬೈಗುಳ ಮಾತ್ರ ಇವತ್ತಿಗೂ ಕಿವಿಯಲ್ಲಿದೆ. ಬೈಯಬೇಕಾದದ್ದೇ.

ಬಾಗಿಲಿನ ಒಳಗಡೆ ಮಖಮಲ್ಲಿನಂಥ ಬಟ್ಟೆ ಇದ್ದರೆ ಅದು ಆಲ್ಕಾಂಟಾರಾ ಜಾತಿಯದ್ದು. ನೋಡಲು ಚರ್ಮದ ಹಾಗಿದ್ದರೂ ಚರ್ಮವಲ್ಲ, ಪಾಲಿಯೆಸ್ಟರ್ ಮತ್ತು ಪಾಲಿಯುರಿಥೇನ್. ಅದಕ್ಕೆ ಲೆದರ್ ಕಂಡಿಷನರ್ ತಾಗಿದರೆ ಕೂದಲು ಅಂಟಿಕೊಂಡು ಚಪ್ಪಟೆಯಾಗುತ್ತದೆ. ಹಿಂಡಿದ ಒದ್ದೆ ಬಟ್ಟೆ, ಒಣ ಮೆತ್ತನೆ ಬ್ರಷ್ಷು, ಸಾಕು. ಇನ್ನೊಂದು ಗುಟ್ಟು. ಲೆದರ್ ಸೀಟು ಅಂತ ಮಾರಿದ ಎಷ್ಟೋ ಗಾಡಿಗಳಲ್ಲಿ ಮೈ ತಾಗುವ ಭಾಗ ಮಾತ್ರ ಚರ್ಮ. ಸೀಟಿನ ಬೆನ್ನು, ಪಕ್ಕ, ಬಾಗಿಲಿನ ಕೆಳಭಾಗ ಒಳ್ಳೆಯ ರೆಕ್ಸಿನ್. ಅಲ್ಲಿಗೆ ಕಂಡಿಷನರ್ ಹಚ್ಚಿದರೆ ದಂಡ.

ಜೀನ್ಸಿನ ನೀಲಿ ಹೊಸದಾಗಿದ್ದರೆ ಈ ಮೂರನೇ ಹಂತದಲ್ಲೇ ಮುಕ್ಕಾಲು ಭಾಗ ಹೋಗುತ್ತದೆ. ಹೋಗದಿದ್ದರೆ ಮರುದಿನ ಇನ್ನೊಂದು ಸಲ. ಆಗಲೂ ಹೋಗದಿದ್ದರೆ ಬಣ್ಣ ಲೇಪದೊಳಕ್ಕೆ ಇಳಿದಿದೆ, ಸುಮ್ಮನಿದ್ದುಬಿಡಿ. ನೇಲ್ ಪಾಲಿಶ್ ರಿಮೂವರ್, ಸ್ಪಿರಿಟ್, ಪೆಟ್ರೋಲ್, ಥಿನ್ನರ್ ಇವುಗಳ ಹತ್ತಿರವೂ ಹೋಗಬೇಡಿ. ಶುರುವಿನ ದಿನಗಳಲ್ಲಿ ನಾನು ಒಂದು ಬಿಳಿ ಸೀಟಿನ ಮೇಲಿದ್ದ ಪೆನ್ ಗೀಟು ತೆಗೆಯಲು ಸ್ಪಿರಿಟ್ ಹಚ್ಚಿದೆ. ಇಂಕು ಹೋಯಿತು. ಜೊತೆಗೆ ಬಣ್ಣವೂ ಹೋಗಿ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬರಿ ಚರ್ಮ ಕಂಡಿತು. ಗೀಟು ಇದ್ದಾಗ ಹತ್ತಿರ ಬಂದರೆ ಮಾತ್ರ ಕಾಣುತ್ತಿತ್ತು, ಆಮೇಲೆ ರಸ್ತೆಯಿಂದಲೇ ಕಾಣುತ್ತಿತ್ತು. ಬಿಳಿ ಮ್ಯಾಜಿಕ್ ಸ್ಪಂಜು ಅಂತ ಸಿಗುತ್ತದಲ್ಲ, ಅದೂ ನಯವಾದ ಮರಳು ಕಾಗದವೇ. ನಾನು ಕಲೆ ತೆಗೆಯುತ್ತಿದ್ದೇನೆ ಅಂತ ನೀವು ಅಂದುಕೊಳ್ಳುತ್ತೀರಿ, ಅದು ಲೇಪವನ್ನೇ ತೆಗೆಯುತ್ತಿರುತ್ತದೆ.

ಆಯುಧ ಪೂಜೆಯ ಕುಂಕುಮ, ಅರಿಶಿನದ ಬಗ್ಗೆಯೂ ಹೇಳಿಬಿಡುತ್ತೇನೆ, ಹಬ್ಬ ಮುಗಿದ ವಾರ ನನಗೆ ಬರುವ ಫೋನೆಲ್ಲ ಅದೇ. ಅರಿಶಿನ ಅಷ್ಟು ಕಷ್ಟವಲ್ಲ. ಒರೆಸಿ ಉಳಿದ ಹಳದಿ ಬೆಳಕಿಗೆ ದಿನೇ ದಿನೇ ತಾನಾಗೇ ಮಂಕಾಗುತ್ತದೆ. ಕುಂಕುಮ ಹಾಗಲ್ಲ. ಒದ್ದೆ ಮಾಡಿದಿರೋ, ಹರಡಿಕೊಂಡು ಹಿಡಿಯುತ್ತದೆ. ಒಣಗಿರುವಾಗಲೇ ವ್ಯಾಕ್ಯೂಮ್‌ನಲ್ಲಿ ಎಳೆಯಿರಿ. ಸ್ಟಿಯರಿಂಗಿಗೆ ಬೊಟ್ಟಿಡಲೇಬೇಕು ಅಂತ ಅಮ್ಮ ಹಟ ಮಾಡಿದರೆ ಪ್ಲಾಸ್ಟಿಕ್ ಹಾರ್ನ್ ಮೇಲೆ ಇಡಿಸಿ, ಲೆದರ್ ಮೇಲೆ ಬೇಡ. ಹಾರವನ್ನು ಬಾನೆಟ್ ಮೇಲೆ ಹಾಕಿ. ನೀವು ಹೂವಿನವರು, ಒದ್ದೆ ಹೂವಿನ ಬುಟ್ಟಿ ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು ಹೋಗುವುದಿಲ್ಲ ಅಂತ ನಂಬಿದ್ದೇನೆ.

ಕಂಡಿಷನರ್ ತಿಂಗಳಿಗೊಮ್ಮೆ ಬೇಕಾ ಅಂತ ಕೇಳಿದ್ದೀರಿ. ಬೇಡ. ಚರ್ಮಕ್ಕೆ ‘ಊಟ’ ಹಾಕಬೇಕು ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಇಂಗ್ಲೆಂಡಿನಲ್ಲಿ 1878ರಲ್ಲಿ ಶುರುವಾದ ಕನಾಲಿ ಎಂಬ ಕಂಪನಿ ರೋಲ್ಸ್ ರಾಯ್ಸ್, ಫೆರಾರಿ ಕಾರುಗಳಿಗೆಲ್ಲ ಚರ್ಮ ಕೊಡುತ್ತಿತ್ತು. ಅವರು ಮಾರುತ್ತಿದ್ದ ಕ್ರೀಮಿನ ಹೆಸರೇ ‘ಹೈಡ್ ಫುಡ್’, ಅಂದರೆ ಚರ್ಮದ ಊಟ. ಹೆಸರು ಚೆನ್ನಾಗಿದೆ, ಬಾಯಿಂದ ಬಾಯಿಗೆ ಹೋಗಿದೆ. ಆದರೆ ಲೇಪ ಗಟ್ಟಿಯಾಗಿರುವ ಸೀಟಿನಲ್ಲಿ ಆ ಊಟ ಹೊಟ್ಟೆಗೆ ಹೋಗುವುದಿಲ್ಲ, ತುಟಿ ಮೇಲೇ ಉಳಿಯುತ್ತದೆ.

ಹಾಗಾದರೆ ಯಾಕೆ ಹಚ್ಚಬೇಕು? ಲೇಪಕ್ಕೋಸ್ಕರ. ನೀರಿನಂಶದ ಒಳ್ಳೆಯ ಕಂಡಿಷನರ್ ಲೇಪದ ಮೇಲೆ ತೆಳ್ಳಗೆ ಕೂತು ಉಜ್ಜಾಟ ಕಮ್ಮಿ ಮಾಡುತ್ತದೆ. ಬಟ್ಟೆಗೂ ಸೀಟಿಗೂ, ಸೀಟಿನ ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ. ಹಳೇ ಸೀಟು ಕಿರಗುಟ್ಟುವುದು ನಿಲ್ಲುತ್ತದೆ. ಮುಂದಿನ ಸಲ ಜೀನ್ಸಿನ ಬಣ್ಣ ಹತ್ತಿದರೆ ಬೇಗ ಬಿಡುತ್ತದೆ. ಹೊಲಿಗೆಯಲ್ಲಿ, ಲೇಪ ಸವೆದ ಜಾಗದಲ್ಲಿ ಮಾತ್ರ ಸ್ವಲ್ಪ ಒಳಕ್ಕೂ ಇಳಿದು ಮೆದು ಮಾಡುತ್ತದೆ. ಅದಕ್ಕೆ ವರ್ಷಕ್ಕೆ ಮೂರು ಸಲ ಸಾಕು. ನಾನು ನನ್ನ ಗಿರಾಕಿಗಳಿಗೆ ಹಬ್ಬದ ಲೆಕ್ಕ ಹೇಳಿಬಿಟ್ಟಿದ್ದೇನೆ, ತಾರೀಕು ಯಾರಿಗೂ ನೆನಪಿರುವುದಿಲ್ಲ. ಶಿವರಾತ್ರಿಗೆ ಒಂದು, ಬೇಸಿಗೆ ಹೊಡೆತ ಶುರುವಾಗುವ ಮುಂಚೆ. ಗಣೇಶನ ಹಬ್ಬಕ್ಕೆ ಒಂದು. ಆಯುಧ ಪೂಜೆಗೆ ಇನ್ನೊಂದು ಬೇಡ, ಹತ್ತಿರವಾಯಿತು, ಡಿಸೆಂಬರ್‌ಗೆ ತಳ್ಳಿ.

ಹಚ್ಚುವಾಗ ಕೈ ಬಿಗಿ ಇರಲಿ. ಐದು ರೂಪಾಯಿ ನಾಣ್ಯದಷ್ಟು ಹನಿಯನ್ನು ಸ್ಪಂಜಿಗೆ ಹಾಕಿಕೊಂಡರೆ ಒಂದು ಸೀಟಿನ ಕೂರುವ ಭಾಗ ಮುಗಿಯಬೇಕು. ಇಪ್ಪತ್ತು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿ. ಸೀಟು ಮುಟ್ಟಿದರೆ ಏನೂ ಹಚ್ಚಿಲ್ಲ ಅನ್ನಿಸಬೇಕು. ಬೆರಳು ಜಾರಿದರೆ, ಅಂಟಿದರೆ ಜಾಸ್ತಿಯಾಗಿದೆ, ಮತ್ತೆ ಒರೆಸಿ. ಕೊಳೆ ತೆಗೆಯದೆ ಮೇಲೆ ಹಚ್ಚುವುದಾದರೆ ಹಚ್ಚಲೇಬೇಡಿ.

ಈಗ ಆ ಬಿರುಕು. ಡ್ರೈವರ್ ಸೀಟಿನ ಹೊರ ಅಂಚಿನ ಉಬ್ಬು, ನಾವು ಬೋಲ್ಸ್ಟರ್ ಅನ್ನುತ್ತೇವೆ, ಅಲ್ಲಿ ತಾನೇ? ಎಲ್ಲ ಸ್ಪೋರ್ಟ್ಸ್ ಕಾರುಗಳೂ ಮೊದಲು ಸೋಲುವುದು ಅಲ್ಲೇ. ಗಾಡಿ ನೆಲಕ್ಕೆ ಹತ್ತಿರ, ಉಬ್ಬು ಎತ್ತರ. ಹತ್ತುವಾಗ ಒಂದು ಕಾಲು ಒಳಗಿಟ್ಟು ತೊಡೆಯನ್ನು ಉಬ್ಬಿನ ಮೇಲೆ ಎಳೆದುಕೊಂಡು ಕೂರುತ್ತೇವೆ. ಇಳಿಯುವಾಗ ಪೂರ್ತಿ ಭಾರ ಅದರ ಮೇಲೇ ಹಾಕಿ ಏಳುತ್ತೇವೆ. ದಿನಕ್ಕೆ ನಾಲ್ಕು ಸಲ ಅಂದರೆ ವರ್ಷಕ್ಕೆ ಸಾವಿರದ ನಾನೂರು ಚಿಲ್ಲರೆ ಸಲ. ಜೊತೆಗೆ ಬೆಲ್ಟಿನ ಬಕಲ್, ಜೀನ್ಸ್ ಜೇಬಿನ ತಾಮ್ರದ ಗುಂಡಿ, ಬೀಗದ ಕೈ.

ಕ್ಲೀನ್ ಮಾಡಿದ ಮೇಲೆ ಉಗುರಿನ ತುದಿಯನ್ನು ಬಿರುಕಿಗೆ ಅಡ್ಡಡ್ಡ ಎಳೆಯಿರಿ. ಉಗುರು ಸರಾಗವಾಗಿ ಹೋದರೆ ಅದು ಬಿರುಕಲ್ಲ, ನೆರಿಗೆ. ಮುಖದ ನೆರಿಗೆಯಂತೆ, ವಯಸ್ಸಿಗೆ ಬರುತ್ತದೆ, ಚರ್ಮ ನಿಜವಾದದ್ದು ಅನ್ನುವುದಕ್ಕೆ ಗುರುತು. ನೆರಿಗೆಯಲ್ಲಿ ಕೂತ ಕೊಳೆಯೇ ಕಪ್ಪು ಗೆರೆಯಾಗಿ ಬಿರುಕಿನ ಹಾಗೆ ಕಂಡಿರಬಹುದು. ನನ್ನ ಹತ್ತಿರ ಬಿರುಕು ಅಂತ ಬರುವ ಸೀಟುಗಳಲ್ಲಿ ಎಷ್ಟೋ ಸಲ ಇದೇ ಆಗಿರುತ್ತದೆ. ಉಗುರು ಸಿಕ್ಕಿಕೊಂಡರೆ ಲೇಪ ಒಡೆದಿದೆ. ಅದು ಕಂಡಿಷನರ್‌ನಿಂದ ಕೂಡಿಕೊಳ್ಳುವುದಿಲ್ಲ, ಯಾವ ಡಬ್ಬಿಯ ಮೇಲೆ ಏನೇ ಬರೆದಿರಲಿ. ಜಿಡ್ಡು ತೆಗೆದು, ನಯವಾದ ಮರಳು ಕಾಗದದಲ್ಲಿ ತಿಕ್ಕಿ, ಫಿಲ್ಲರ್ ತುಂಬಿ, ಬಣ್ಣ ಕೂಡಿಸಿ ಹೊಡೆದು, ಮೇಲೆ ಮತ್ತೆ ಲೇಪ ಕೊಡಬೇಕು. ಬಣ್ಣ ಕೂಡಿಸುವುದೇ ವಿದ್ಯೆ. ಬಿಸ್ಕತ್ ಬಣ್ಣದಲ್ಲಿ ಒಂದು ಹನಿ ಹಳದಿ ಜಾಸ್ತಿಯಾದರೂ ಗೊತ್ತಾಗುತ್ತದೆ. ಅದನ್ನು ಕೆಲಸ ಬಲ್ಲವರ ಕೈಯಲ್ಲಿ ಮಾಡಿಸಿ. ಹರಿದಿಲ್ಲದ ಚರ್ಮವನ್ನು ಕಿತ್ತು ಹೊಸ ಕವರ್ ಹೊಲಿಸಲು ಮಾತ್ರ ಹೋಗಬೇಡಿ. ಎಷ್ಟೋ ಸ್ಪೋರ್ಟ್ಸ್ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಸೀಟಿನೊಳಗೇ ಇರುತ್ತದೆ. ಡಿಕ್ಕಿಯಾದಾಗ ಆ ಪಕ್ಕದ ಹೊಲಿಗೆ ಬಿಚ್ಚಿಕೊಳ್ಳಲೇಬೇಕು ಅಂತ ಲೆಕ್ಕ ಹಾಕಿ ಹೊಲಿದಿರುತ್ತಾರೆ. ಗಟ್ಟಿ ದಾರದಲ್ಲಿ ಹೊಲಿದರೆ, ಮೇಲೆ ಬಿಗಿ ಕವರ್ ಹಾಕಿಸಿದರೆ ಏರ್‌ಬ್ಯಾಗ್ ಹೊರಗೆ ಬರುವುದಾದರೂ ಹೇಗೆ?

ಹತ್ತುವ ರೀತಿ ಬದಲಿಸಿಕೊಳ್ಳಿ. ಬಾಗಿಲು ಪೂರ್ತಿ ತೆಗೆದು, ಬೆನ್ನು ಒಳಗೆ ಮಾಡಿ ಮೊದಲು ಕೂತುಬಿಡಿ. ಆಮೇಲೆ ಎರಡೂ ಕಾಲು ಜೊತೆಗೆ ಒಳಗೆ ತಿರುಗಿಸಿ. ಇಳಿಯುವಾಗ ಮೊದಲು ಕಾಲೆರಡೂ ಹೊರಗೆ, ಕೈ ಬಾಗಿಲಿನ ಚೌಕಟ್ಟಿನ ಮೇಲೆ. ಮೊದಲ ವಾರ ಸೀರೆ ಉಟ್ಟ ಮದುಮಗಳು ಕಾರು ಹತ್ತಿದ ಹಾಗಿರುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ಕೊನೆಗೆ ಬಿಸಿಲು. ಮುಂದಿನ ಗಾಜು ಎರಡು ಪದರದ್ದು, ಅತಿನೇರಳೆ ಕಿರಣವನ್ನು ಬಹುಮಟ್ಟಿಗೆ ತಡೆಯುತ್ತದೆ. ಟಾಪ್ ತೆಗೆದಾಗ ಆ ರಕ್ಷಣೆ ಇಲ್ಲ, ಬಿಸಿಲು ನೇರ ಸೀಟಿನ ನೆತ್ತಿಗೆ. ನಂದಿಬೆಟ್ಟದ ಮೇಲೆ 1,478 ಮೀಟರ್ ಎತ್ತರದಲ್ಲಿ ತಣ್ಣನೆ ಗಾಳಿಗೆ ಬಿಸಿಲು ಗೊತ್ತೇ ಆಗುವುದಿಲ್ಲ, ಆದರೆ ಎತ್ತರ ಹೋದಷ್ಟೂ ಆ ಕಿರಣದ ಹೊಡೆತ ಜಾಸ್ತಿ. ಬೆಳಗಿನ ಜಾವ ಟಾಪ್ ತೆಗೆದು ಹೋಗಿ, ಹತ್ತು ಗಂಟೆ ಮೇಲೆ ಮುಚ್ಚಿಕೊಂಡು ಇಳಿಯಿರಿ. ಅಲ್ಲಿ, ಹೂವಿನ ಮಾರ್ಕೆಟ್ ಹತ್ತಿರ, ಎಲ್ಲಿ ನಿಲ್ಲಿಸಿದರೂ ಸೀಟಿನ ಮೇಲೆ ಹಳೇ ಬಿಳಿ ಪಂಚೆ ಒಂದನ್ನು ಎರಡು ಮಡಿಕೆ ಹಾಕಿ ಹೊದಿಸಿ. ದುಡ್ಡು ಕೊಟ್ಟು ತಂದ ಯಾವ ಶೇಡ್‌ಗಿಂತಲೂ ನನಗೆ ಅದರ ಮೇಲೆ ನಂಬಿಕೆ. ಡ್ಯಾಶ್‌ಬೋರ್ಡಿಗೂ ಲೆದರ್ ಹೊದಿಸಿದ ಗಾಡಿಯಾದರೆ ಅಲ್ಲಿಗೂ ಒಂದು ಹಾಕಿ. ಕಾವಿಗೆ ಆ ಚರ್ಮ ಕುಗ್ಗಿ ಅಂಚಿನಲ್ಲಿ ಮೇಲೆದ್ದರೆ ಮತ್ತೆ ಕೂರಿಸುವುದು ದೊಡ್ಡ ಖರ್ಚು. ಟಾಪ್ ತೆಗೆದಿದ್ದಾಗ ಮಳೆ ಬಿದ್ದು ಸೀಟು ನೆನೆದರೆ ಉಜ್ಜಬೇಡಿ, ಟವೆಲ್ ಒತ್ತಿ ಒತ್ತಿ ನೀರು ತೆಗೆದು, ನೆರಳಲ್ಲಿ ಬಾಗಿಲು ತೆರೆದು ಒಣಗಿಸಿ. ಹೇರ್ ಡ್ರೈಯರ್ ಬೇಡ.

ಈ ಭಾನುವಾರ ಡ್ರೈವರ್ ಸೀಟು ಒಂದನ್ನೇ ಮಾಡಿ, ಪಕ್ಕದ್ದನ್ನು ಮುಟ್ಟಬೇಡಿ. ಎರಡನ್ನೂ ಅಕ್ಕಪಕ್ಕ ನೋಡಿದರೆ ಎಷ್ಟು ಕೊಳೆ ಇತ್ತು, ಎಷ್ಟು ಸವೆದಿದೆ ಅನ್ನುವುದು ನಿಮಗೇ ತಿಳಿಯುತ್ತದೆ. ಬಿರುಕಿನಲ್ಲಿ ಉಗುರು ಸಿಕ್ಕಿಕೊಂಡರೆ ಆ ಜಾಗದ ಫೋಟೋ ತೆಗೆದು ಕಳಿಸಿ. ಹಗಲು ಬೆಳಕಲ್ಲಿ, ಫ್ಲ್ಯಾಶ್ ಹಾಕದೆ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ತೆಗೆಯಿರಿ.